ಕಮಲಾಪುರದಿಂದ ಬಂದದ್ದೆಲ್ಲ ಬಿಲ್ಲು

ಮುಂಜಾನೆ ಕಂಪ್ಯೂಟರ್ ಚಾಲೂ ಮಾಡಿದಾಗ ಯಾರ ಇಮೇಲೂ ಕಣ್ಣಿಗೆ ಬೀಳಬಾರದು ಎಂಬುದು ಆ ವರ್ಷ ನನ್ನ ಒಂದೇ ಆಸೆಯಾಗಿತ್ತು. ಒಂದೇ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ ಅದೇನು ದೊಡ್ಡ ಆಸೆಯಲ್ಲ. ಅದು ಈಡೇರಿತು. ಅದು ಈಡೇರುವಾಗಲೇ ನಮ್ಮ ಚಾಚಾ ಅವರ ನೌಕರಿ ಹೋಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳುವ ಶಕ್ತಿಯೂ ಉಳಿದಿಲ್ಲ.

ಕಾಲೇಜುಗಳ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು, ರಾಸಾಯನಿಕ ಪೂರೈಸುವ ಅಂಗಡಿ ನಮ್ಮದು. ನಮ್ಮದು ಎಂದರೆ ಮಾಲಕರದು. ಇಷ್ಟು ವರ್ಷ ಕೂತರೆ ನಾಲಿಗೆ ತಾನೇ ಹಾಗೆ ಹೊರಳುತ್ತದೆ. ಆಫೀಸು ನಗರದ ಗಾಜಿಪುರ ಬಡಾವಣೆಯಲ್ಲಿ, ಗೋದಾಮು ಕುಸನೂರದ ಕಡೆ. ನಾನು ಬ್ರಹ್ಮಪುರದ ಮನೆಯಿಂದ ನಡೆದೇ ಬರುತ್ತೇನೆ. ಚಾಚಾ ಮಾತ್ರ ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. ನಾನು ಈ ಆಫೀಸಿಗೆ ಸೇರುವ ಮೊದಲೇ ಅವರು ಅಲ್ಲಿದ್ದರು. ಬಂದ ಬಿಲ್ಲುಗಳನ್ನು ತೆಗೆದುಕೊಳ್ಳುವುದು, ಓದುವುದು, ಯಾವ ಫೈಲಿಗೆ ಯಾವುದು ಎಂದು ಇಡುವುದು ಅವರ ಕೆಲಸ. ಅಂಚೆಯಲ್ಲಿ ಬರುತ್ತಿದ್ದ ಬಿಲ್ಲುಗಳು ಇಮೇಲಿನಲ್ಲಿ ಬರತೊಡಗಿದ ಮೇಲೂ ಕೆಲಸ ಬದಲಾಗಲಿಲ್ಲ. ನಾನು ಒಂದೊಂದೇ ಮೇಲ್ ತೆರೆದು ಪ್ರಿಂಟ್ ಕೊಡುತ್ತಿದ್ದೆ, ಅವರು ಅದನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದರು. ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದರು. ನನಗೆ ಕೆಲವು ದಿನ ಅದರಿಂದ ತಲೆ ಚಿಟ್ಟು ಹಿಡಿಯುತ್ತಿತ್ತು.

ಚಾಚಾ ಎನ್ನುವುದು ಅವರ ಹೆಸರಲ್ಲ, ಆಫೀಸಿನವರೆಲ್ಲ ಕರೆಯುತ್ತಿದ್ದ ರೀತಿ. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ, ಲಾರಿಯವರ ಜೊತೆ ಎರಡೂ. ಅಕ್ಷರ ಮಾತ್ರ ಕನ್ನಡದ್ದೇ ಚೆಂದ. ಅಂಥ ಅಕ್ಷರ ಬರೆಯುವ ಮನುಷ್ಯ ಇಮೇಲಿನ ಆಸೆಗೆ ಎಂದೂ ಬೀಳಲಿಲ್ಲ. ಅವರಿಗೆ ಸ್ವಂತ ಇಮೇಲ್ ವಿಳಾಸವೇ ಇರಲಿಲ್ಲ.

ಫಿಲ್ಟರ್ ಎಂಬ ಮಾತು ಮಾಲಕರ ಬಾಯಿಂದ ಬಂತು. ಸೊಲ್ಲಾಪುರದಲ್ಲಿ ಅವರ ಬೀಗರ ಅಂಗಡಿಗೆ ಹೋಗಿದ್ದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಬಿಲ್ಲುಗಳು ತಾವೇ ತಮ್ಮ ತಮ್ಮ ಕೋಣೆಗೆ ಹೋಗಿ ಕೂರುವುದನ್ನು ನೋಡಿ ಬಂದಿದ್ದರು. ಯಾರೂ ಕೈ ಹಚ್ಚಬೇಕಿಲ್ಲ. ಬಂದ ಇಮೇಲಿನ ವಿಳಾಸ ನೋಡಿ, ವಿಷಯದ ಸಾಲು ನೋಡಿ, ಕಂಪ್ಯೂಟರೇ ವಿಂಗಡಿಸುತ್ತದೆ. ನಮ್ಮಲ್ಲಿ ಆ ವರ್ಷ ಮೂರು ಬಿಲ್ಲು ಇನ್‌ಬಾಕ್ಸಿನ ಗದ್ದಲದಲ್ಲಿ ಕಳೆದುಹೋಗಿ ಲೆಕ್ಕ ತಪಾಸಣೆಯವರು ಮುಖ ಗಂಟಿಕ್ಕಿದ್ದರು, ಅದೂ ಮಾಲಕರ ತಲೆಯಲ್ಲಿತ್ತು.

"ಒಂದ್ ವಾರದಾಗ ಮಾಡಿ ಮುಗಿಸ್ರಿ ಮೇಡಂ," ಎಂದರು ನನಗೆ. ಆಮೇಲೆ ದನಿ ತಗ್ಗಿಸಿ, "ಅದಾದ ಮ್ಯಾಲ ಚಾಚಾಗ ಏನ್ ಕೆಲ್ಸ ಉಳೀತದ ನೋಡಿ ನನಗ ಹೇಳ್ರಿ," ಎಂದರು.

ಹೀಗೆ ಒಬ್ಬ ಮನುಷ್ಯನ ಕುರ್ಚಿ ಇರಬೇಕೋ ಬೇಡವೋ ಎನ್ನುವುದು ನನ್ನ ಮಡಿಲಿಗೆ ಬಂದು ಬಿತ್ತು. ನಾನು ಆಗಲೇ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಬೆನ್ನು ನೋಯುತ್ತಿತ್ತು, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಓದದ ಮೇಲ್‌ಗಳ ಅಂಕಿ ದಪ್ಪ ಅಕ್ಷರದಲ್ಲಿ ನನ್ನನ್ನೇ ನೋಡುತ್ತಿತ್ತು. ಆಗಲಿ ಎಂದೆ.

ಫಿಲ್ಟರ್ ಮಾಡುವುದು ಕಷ್ಟವಲ್ಲ ಎಂದು ವಿಡಿಯೋ ಮಾಡುವ ಹುಡುಗರು ಹೇಳುತ್ತಾರೆ. ಇಂಥ ವಿಳಾಸದಿಂದ ಬಂದರೆ ಇಂಥ ಲೇಬಲ್ ಅಂಟಿಸು, ವಿಷಯದಲ್ಲಿ ಇನ್ವಾಯ್ಸ್ ಎಂದಿದ್ದರೆ ಇಲ್ಲಿ ಇಡು, ಮುಗಿಯಿತು. ಅವರ ಊರಿನಲ್ಲಿ ಬಿಲ್ಲಿಗೆ ಬಿಲ್ಲು ಎಂದು ಬರೆಯುತ್ತಾರೋ ಏನೋ. ನಮಗೆ ಬರುವ ಮೇಲ್‌ಗಳನ್ನು ನೋಡಿದರೆ ಆ ಹುಡುಗರು ಅಳುತ್ತಿದ್ದರು. ಒಬ್ಬರ ವಿಷಯದ ಸಾಲಿನಲ್ಲಿ ಬರೀ ಶುಭೋದಯ ಎಂದಿರುತ್ತದೆ, ಕೆಳಗೆ ಮೂವತ್ತು ಡಜನ್ ಬೀಕರಿನ ಬಿಲ್ಲು. ಇನ್ನೊಬ್ಬರು ವಿಷಯವನ್ನೇ ಬರೆಯುವುದಿಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ನನಗೆ ಹೊಳೆದದ್ದು ಒಂದೇ ದಾರಿ. ಯಾವುದು ಯಾರ ಬಿಲ್ಲು ಎಂದು ಗೊತ್ತಿದ್ದವರು ನಮ್ಮಲ್ಲಿ ಒಬ್ಬರೇ ಇದ್ದರು. ಅವರನ್ನೇ ಕೇಳಿದೆ.

ಯಾಕೆ ಎಂದು ಚಾಚಾ ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಆಫೀಸಿನ ಗೋಡೆಗಳು ಪ್ಲೈವುಡ್ಡಿನವು, ಮಾಲಕರು ದನಿ ತಗ್ಗಿಸಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಆದರೂ ಅವರು ತಮ್ಮ ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕಕ್ಕೆ ಕೂತರು.

"ಬರ್ಕೋರಿ. ಅಂಬಾಲಾದ ಗಾಜಿನವ್ರು ಒಂದೇ ಬಿಲ್ಲು ಮೂರ್ ಸಲ ಕಳಸ್ತಾರ. ಕಡೀದು ಖರೇ ಬಿಲ್ಲು, ಮೊದ್ಲಿನ ಎರಡ್ರಾಗ ಏನರ ತಪ್ಪಿರ್ತದ. ಹೈದ್ರಾಬಾದಿನ ಆ್ಯಸಿಡ್ ಕಂಪ್ನಿದು ಬಿಲ್ಲು ಒಂದ್ ಕಡಿಂದ, ಅದರ ಕಾಗದ ಇನ್ನೊಂದ್ ಕಡಿಂದ. ಸೊಲ್ಲಾಪುರದ ಫಿಲ್ಟರ್ ಪೇಪರಿನವ್ರದು ಅವ್ರ ಅಳಿಯನ ಫೋನಿನಿಂದ ಬರ್ತದ. ಅಂವಗ ಮಾವನ ಮ್ಯಾಲ ಸಿಟ್ಟು ಬಂದ್ರ ಒಂದ್ ತಿಂಗ್ಳು ಬರಂಗಿಲ್ಲ. ಆಗ ನಾವೇ ಕೇಳ್ಬೇಕು."

"ಸಿಟ್ಟಿಗೆ ಫಿಲ್ಟರ್ ಮಾಡೋದು ಹ್ಯಾಂಗ್ರೀ ಚಾಚಾ?" ಎಂದೆ.

"ಅದಕ್ಕ ನಾ ಇದ್ದೆ," ಎಂದರು. ನಕ್ಕರು. ನಾನೂ ನಕ್ಕೆ.

ನಾಲ್ಕು ಮಧ್ಯಾಹ್ನ ಹೀಗೆ ಕೂತೆವು. ಅವರು ಹೇಳುತ್ತ ಹೋದರು, ನಾನು ನಿಯಮ ಬರೆಯುತ್ತ ಹೋದೆ. ಮಾಡಿದ ನಿಯಮವನ್ನು ಅವರೇ ಪರೀಕ್ಷೆ ಮಾಡಿಸುತ್ತಿದ್ದರು. ಹಳೇ ಮೇಲ್ ಒಂದನ್ನು ಹುಡುಕಿಸಿ, ಇದು ಎಲ್ಲಿಗೆ ಹೋಗುತ್ತದೆ ತೋರಿಸಿ ಎನ್ನುತ್ತಿದ್ದರು. ಸರಿಯಾದ ಕಡೆ ಹೋದರೆ ಮಕ್ಕಳು ಲೆಕ್ಕ ಬಿಡಿಸಿದಷ್ಟು ಖುಷಿ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದು ಎನ್ನುತ್ತಾರಲ್ಲ, ಆ ಕೊಡಲಿಯ ಕಾವನ್ನು ಅವರು ನುಣ್ಣಗೆ ಉಜ್ಜಿ ಕೊಡುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಸಾಕು ಚಾಚಾ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದರೆ, "ಅರ್ಧಾ ಹೇಳಿ ಬಿಟ್ರ ನಿಮಗೇ ತ್ರಾಸು," ಎನ್ನುತ್ತಿದ್ದರು.

ಕಮಲಾಪುರದ ಸರದಿ ಕೊನೆಗೆ ಬಂತು. ಅಲ್ಲಿಂದ ನಮಗೆ ಮೂವರು ಸಾಮಾನು ಕೊಡುತ್ತಾರೆ. ಟೆಸ್ಟ್‌ಟ್ಯೂಬ್ ನಿಲ್ಲಿಸುವ ಕಟ್ಟಿಗೆಯ ಸ್ಟ್ಯಾಂಡು ಮಾಡುವ ಬಡಗಿ, ಗಾಜು ಒಡೆಯದಂತೆ ಪೆಟ್ಟಿಗೆಯಲ್ಲಿ ತುಂಬಲು ಒಣಗಿದ ಬಾಳೆ ಎಲೆ ಕಳಿಸುವವರು, ಮತ್ತೆ ಅದನ್ನೆಲ್ಲ ಹೇರಿಕೊಂಡು ಬರುವ ಟೆಂಪೊದವರು. ಮೂವರಿಗೂ ಇಮೇಲ್ ಗೊತ್ತಿಲ್ಲ. ಮೂವರೂ ಕೈಯಲ್ಲಿ ಬರೆದ ಬಿಲ್ಲನ್ನು ಬಸ್ ನಿಲ್ದಾಣದ ಹತ್ತಿರದ ಒಂದೇ ಝೆರಾಕ್ಸ್ ಅಂಗಡಿಗೆ ಒಯ್ದು ಕೊಡುತ್ತಾರೆ. ಆ ಅಂಗಡಿಯಾಕೆ ಅದರ ಫೋಟೋ ಹೊಡೆದು, ನಮಗೆ ಹಿಂದೆ ಕಳಿಸಿದ ಹಳೇ ಮೇಲನ್ನೇ ತೆರೆದು, ಅದಕ್ಕೇ ಉತ್ತರ ಕೊಟ್ಟಂತೆ ಕಳಿಸುತ್ತಾಳೆ. ಹೊಸ ಮೇಲ್ ಬರೆದರೆ ವಿಳಾಸ ಮತ್ತೊಮ್ಮೆ ಹೊಡೆಯಬೇಕು, ಒಂದು ಅಕ್ಷರ ತಪ್ಪಿದರೆ ಹೋಗುವುದಿಲ್ಲ, ಅದಕ್ಕೆ. ಹೀಗಾಗಿ ಯಾವ ಕಾಲದಿಂದಲೋ ಕಮಲಾಪುರದಿಂದ ಬರುವ ಪ್ರತಿಯೊಂದು ಇಮೇಲಿನ ವಿಷಯ ಒಂದೇ: ಬಿಲ್.

"ಇದು ಭಾಳ ಹಗೂರ ಅದ," ಎಂದರು ಚಾಚಾ. "ಆ ಅಂಗಡಿಂದು ಬಂದದ್ದೆಲ್ಲ ಬಿಲ್ಲು. ಕಣ್ಣು ಮುಚ್ಚಿ ಹಾಕ್ರಿ."

ಕಣ್ಣು ಮುಚ್ಚಿಯೇ ಹಾಕಿದೆ. ಆದರೆ ಅದರ ಜೊತೆ ನನ್ನದೊಂದು ಬುದ್ಧಿವಂತಿಕೆಯನ್ನೂ ಸೇರಿಸಿದೆ. ಇದು ಚಾಚಾ ಹೇಳಿದ್ದಲ್ಲ. ಎಲ್ಲ ಬಿಲ್ಲುಗಳಿಗೂ ಎರಡು ಚೌಕದಲ್ಲಿ ಟಿಕ್ ಹಾಕಿದೆ: ಇನ್‌ಬಾಕ್ಸಿಗೆ ಬರುವುದು ಬೇಡ, ಓದಿದೆ ಎಂದು ಗುರುತು ಹಾಕು. ಹಾಗೆ ಮಾಡಿದರೆ ಆ ದಪ್ಪ ಅಕ್ಷರದ ಅಂಕಿ ಹೋಗುತ್ತದೆ. ತಿಂಗಳ ಕೊನೆಗೆ ಒಂದೇ ಸಲ ಫೋಲ್ಡರ್ ತೆರೆದು ಎಲ್ಲ ನೋಡಿದರಾಯಿತು.

ಚಾಚಾ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. "ಓದಲಾರದೇ ಓದೀನಿ ಅಂತ ಗುರ್ತು ಹ್ಯಾಂಗ ಹಾಕ್ತೀರಿ?"

"ಆಮ್ಯಾಲ ಓದೇ ಓದ್ತೀನಲ್ರೀ," ಎಂದೆ.

ಮರುದಿನ ಮುಂಜಾನೆ ಕಂಪ್ಯೂಟರ್ ತೆರೆದರೆ ಇನ್‌ಬಾಕ್ಸಿನಲ್ಲಿ ಎರಡೇ ಎರಡು ಮೇಲ್. ನಾನು ಕುರ್ಚಿಗೆ ಒರಗಿ ಚಹಾ ಕುಡಿದೆ. ಎಷ್ಟೋ ವರ್ಷದ ಮೇಲೆ ಬಿಸಿ ಇರುವಾಗಲೇ ಕುಡಿದೆ. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೆ ಚಾಚಾ ನೆನಪಾಗಲಿಲ್ಲ. ಅವರು ಎದುರಿಗೇ ಖಾಲಿ ಮೇಜಿನ ಮುಂದೆ ಕೂತಿದ್ದರು.

ಮಾಲಕರು ಕೆಟ್ಟವರಲ್ಲ. ಮುಖ ನೋಡಿ ಬೇಡ ಎನ್ನಲು ಬಾರದವರು, ಅಷ್ಟೇ. ಅಂಥವರಿಗೆ ಇಮೇಲ್ ಒಂದು ವರ. ತಿಂಗಳ ಕೊನೆಯ ಶುಕ್ರವಾರ ಚಾಚಾ ಅವರನ್ನು ಒಳಗೆ ಕರೆದು, ನೆಲ ನೋಡುತ್ತ, ಇನ್ನು ಮುಂದೆ ಪೂರ್ತಿ ದಿನದ ಕೆಲಸ ಇಲ್ಲ ಎಂದರು. ಅರ್ಧ ದಿನ ಬರುವುದಾದರೆ ಇಟ್ಟುಕೊಳ್ಳಬಹುದು, ಗೋದಾಮಿನ ರಸೀದಿ ನೋಡಿಕೊಳ್ಳಬಹುದು ಎಂದರು. "ಮನ್ಯಾಗ ವಿಚಾರ ಮಾಡ್ರಿ. ಹತ್ತ್ ದಿನದಾಗ ಮೇಲ್ ಮಾಡಿ ತಿಳಸ್ರಿ. ಬಾಯಿ ಮಾತು ನನಗ ನೆನಪಿರಂಗಿಲ್ಲ."

ಚಾಚಾ ಹೊರಗೆ ಬಂದು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡರು. ನಾನು ಎದ್ದು ಬಾಗಿಲತನಕ ಹೋದೆ. "ಬರೀರಿ ಚಾಚಾ, ನಿಮ್ಮನ್ನ ಬಿಡಂಗಿಲ್ಲ ಅವ್ರು," ಎಂದೆ.

"ಬರೀತೀನಿ," ಎಂದರು. "ಅರ್ಧಾ ದಿನ ಆದ್ರೂ ಸೈ. ಮನ್ಯಾಗ ಕುಂತ್ರ ನಾ ಉಳಿಯಂಗಿಲ್ಲ ಮೇಡಂ. ಕೈಗಿ ಕಾಗದ ಬೇಕು." ಎಂದೂ ಅಷ್ಟು ಬಿಚ್ಚಿ ಮಾತಾಡಿದವರಲ್ಲ.

ಆಮೇಲಿನ ಹತ್ತು ದಿನ ಹೇಗೆ ಹೋದವೆಂದರೆ, ಕಾಲೇಜುಗಳು ಶುರುವಾಗುವ ಹೊತ್ತು, ಎಲ್ಲ ಪ್ರಾಧ್ಯಾಪಕರಿಗೂ ಒಂದೇ ವಾರದಲ್ಲಿ ಬ್ಯೂರೆಟ್ ಒಡೆದದ್ದು ನೆನಪಾಗುತ್ತದೆ. ಫೋನು, ಗೋದಾಮು, ಫೋನು. ದಿನಾ ಮುಂಜಾನೆ ಇನ್‌ಬಾಕ್ಸ್ ನೋಡುತ್ತಿದ್ದೆ. ಚಾಚಾ ಅವರದು ಬಂದಿರಲಿಲ್ಲ. ಒಂದು ಫೋನ್ ಮಾಡಬೇಕು ಎಂದುಕೊಂಡೆ. ನಾಳೆ ಮಾಡೋಣ ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಎಂದು ನನ್ನ ಅವ್ವ ಹೇಳುತ್ತಿದ್ದಳು. ಬೇರೆಯವರ ಮನೆ ಹಾಳಾಗುತ್ತದೆಂದು ಹೇಳಿರಲಿಲ್ಲ.

ಹತ್ತನೆಯ ದಿನ ಮಾಲಕರು ಹೊರಗೆ ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತರು. "ಚಾಚಾಂದು ಮೇಲ್ ಬಂತೇನ್ರಿ?"

ನಾನು ಪರದೆಯ ಕಡೆ ತಿರುಗಿ ನೋಡಿದೆ. ಇನ್‌ಬಾಕ್ಸಿನಲ್ಲಿ ನಾಲ್ಕು ಮೇಲ್. "ಇಲ್ರಿ," ಎಂದೆ.

"ಅವ್ರಿಗೇ ಬ್ಯಾಡಾಗಿರಬೇಕು ಬಿಡ್ರಿ," ಎಂದರು. ಅವರ ಮುಖದಲ್ಲಿ ಭಾರ ಇಳಿದದ್ದು ಕಾಣಿಸಿತು. ನನಗೆ ಚಾಚಾ ಮೇಲೆ ಸಿಟ್ಟು ಬಂತು. ಬರೆಯುತ್ತೇನೆ ಎಂದು ಹೇಳಿ ಬರೆಯಲಿಲ್ಲವಲ್ಲ, ನನ್ನ ಮೇಲೆ ಮುನಿಸಿಕೊಂಡು ಕೂತಿದ್ದಾರೆ ಎಂದುಕೊಂಡೆ. ಸಿಟ್ಟು ಬಂದದ್ದು ಅನುಕೂಲವೇ ಆಯಿತು, ಫೋನ್ ಮಾಡುವ ಕೆಲಸ ತಪ್ಪಿತು.

ಆ ತಿಂಗಳ ಕೊನೆಗೆ, ಒಂದು ಮಂಗಳವಾರ ಮಧ್ಯಾಹ್ನ, ಲೆಕ್ಕ ತಪಾಸಣೆಗೆ ಕಳಿಸಲು ಬಿಲ್ಲುಗಳನ್ನು ಒಂದೊಂದೇ ಫೋಲ್ಡರಿನಿಂದ ತೆಗೆಯುತ್ತಿದ್ದೆ. ಕಮಲಾಪುರದ ಫೋಲ್ಡರಿನಲ್ಲಿ ಐದು ಮೇಲ್ ಇದ್ದವು. ಬಾಳೆ ಎಲೆಯದು ಎರಡು, ಸ್ಟ್ಯಾಂಡಿನದು ಒಂದು, ಟೆಂಪೊದ್ದು ಒಂದು. ಐದನೆಯದನ್ನು ತೆರೆದಾಗ ಫೋಟೋದಲ್ಲಿ ಗೆರೆ ಎಳೆದ ಹಾಳೆ, ಅದರ ತುಂಬ ಕನ್ನಡದ ಮುತ್ತಿನಂಥ ಅಕ್ಷರ. ಯಾರದೆಂದು ಓದದೇ ಗೊತ್ತಾಯಿತು.

ಮಾಲಕರು ಹೇಳಿದ ಮೂರನೆಯ ದಿನವೇ ಕಳಿಸಿದ್ದರು. ಮೇಲ್ ಮಾಡಲು ಅವರಿಗೆ ಇದ್ದದ್ದು ಒಂದೇ ದಾರಿ, ಊರಿನ ಮಂದಿಯೆಲ್ಲ ಹೋಗುವ ಆ ಝೆರಾಕ್ಸ್ ಅಂಗಡಿ. ಅಂಗಡಿಯಾಕೆ ಎಂದಿನಂತೆ ಹಳೇ ಬಿಲ್ಲಿಗೆ ಉತ್ತರವಾಗಿ ಕಳಿಸಿದ್ದಳು. ವಿಷಯ: ಬಿಲ್. ನನ್ನ ಫಿಲ್ಟರ್ ಅದನ್ನು ಎತ್ತಿ ಒಳಗಿಟ್ಟು, ಓದಿದೆ ಎಂದು ಗುರುತು ಹಾಕಿ ಬಾಗಿಲು ಮುಚ್ಚಿತ್ತು.

ಪತ್ರ ಸಣ್ಣದು. ಅರ್ಧ ದಿನದ ಕೆಲಸ ನನಗೆ ಒಪ್ಪಿಗೆ ಇದೆ, ಪಗಾರ ತಾವು ಹೇಳಿದಷ್ಟು, ಮುಂಜಾನೆ ಅಥವಾ ಮಧ್ಯಾಹ್ನ ಯಾವುದಾದರೂ ಸರಿ, ಎಂದು ಮಾಲಕರಿಗೆ ನಾಲ್ಕು ಸಾಲು. ಅದರ ಕೆಳಗೆ ಒಂದು ಗೆರೆ ಎಳೆದು ನನಗೆಂದು ಬೇರೆ ಬರೆದಿದ್ದರು. "ಮೇಡಂ ಅವರಿಗೆ: ನಾನು ಒಂದು ನಿಯಮ ತಪ್ಪು ಹೇಳಿದ್ದೇನೆ. ಕಮಲಾಪುರದ ಅಂಗಡಿಯಿಂದ ಬಂದದ್ದೆಲ್ಲ ಬಿಲ್ಲು ಎಂದೆ. ಇಲ್ಲಿ ಸಾಲಿನಲ್ಲಿ ನಿಂತಾಗ ತಿಳಿಯಿತು, ಬೇರೆ ಕಾಗದವೂ ಬರಬಹುದು. ದಯಮಾಡಿ ಆ ನಿಯಮ ತೆಗೆಯಿರಿ. ನಿಮಗೆ ಮುಂದೆ ತೊಂದರೆ ಆಗಬಾರದು."

ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋಗಿ, ಪಿಪೆಟ್ ಪೆಟ್ಟಿಗೆಗಳ ನಡುವೆ ನಿಂತು ಅತ್ತೆ. ನಾಚಿಕೆಯಿಂದ ಬಂದ ಅಳು ಅದು. ಅವರು ತಮ್ಮ ಕುರ್ಚಿಗಾಗಿ ಬರೆಯುವ ಪತ್ರದಲ್ಲಿ ನನ್ನ ತೊಂದರೆಯ ಬಗ್ಗೆ ಯೋಚಿಸಿದ್ದರು. ನಾನು ಅವರ ಪತ್ರವನ್ನು ಹುಡುಕಲು ಒಂದು ನಿಮಿಷ ಖರ್ಚು ಮಾಡಿರಲಿಲ್ಲ. ಹುಡುಕುವ ಚೌಕದಲ್ಲಿ ಕಮಲಾಪುರ ಎಂದು ಹೊಡೆದಿದ್ದರೂ ಸಾಕಿತ್ತು.

ಮಂಗಳವಾರ ಸಿಕ್ಕಿದ್ದನ್ನು ಮಾಲಕರಿಗೆ ಹೇಳಿದ್ದು ಶುಕ್ರವಾರ. ಈ ಮೂರು ದಿನಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣ ಇಲ್ಲ. ನನ್ನ ಕುರ್ಚಿಯ ಭಯವೂ ಇತ್ತು, ಹೇಳಿದರೆ ಮತ್ತೆ ಏನೇನು ಮಾಡಬೇಕಾಗುತ್ತದೋ ಎಂಬ ದಣಿವೂ ಇತ್ತು. ಕೊನೆಗೆ ಪತ್ರವನ್ನು ಪ್ರಿಂಟ್ ತೆಗೆದು ಅವರ ಮುಂದಿಟ್ಟೆ. "ಇದು ಆವಾಗೇ ಬಂದಿತ್ರಿ. ನಾನೇ ನೋಡ್ಲಿಲ್ಲ."

ಮಾಲಕರು ಓದಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಹಂಗಾರ ಕರೀರಿ ಮತ್ತ," ಎಂದರು. "ಗೋದಾಮಿನಾಗೂ ಯಾರೂ ಇಲ್ಲ." ಅಷ್ಟೇ. ಇಷ್ಟು ಸಲೀಸಾಗಿ ಆಗುವ ಕೆಲಸ ಸುಮಾರು ಒಂದು ತಿಂಗಳು ಬಿದ್ದಿತ್ತು ಎನ್ನುವುದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಚಾಚಾ ದಿನಾ ಎರಡು ಸಲ ಈ ದಾರಿಯಲ್ಲಿ ಓಡಾಡಿದ್ದಾರೆ, ನಾನು ಒಂದು ಸಲಕ್ಕೇ ಸೊಂಟ ಹಿಡಿದುಕೊಂಡು ಇಳಿದೆ. ನಿಲ್ದಾಣದ ಹೊರಗೆ ಗಾಡಿಗಳ ಮೇಲೆ ಕೆಂಪು ಬಾಳೆಹಣ್ಣಿನ ಗೊನೆಗಳು. ಒಬ್ಬರನ್ನು ಕೇಳಿದ್ದಕ್ಕೆ ಮನೆಯ ಬಾಗಿಲತನಕ ತಂದು ಬಿಟ್ಟರು.

ಅವರ ಮನೆಯವರು ಬಾಗಿಲು ತೆರೆದರು. ನಾನು ಯಾರೆಂದು ಹೇಳಿದಾಗ ಆಕೆಯ ಮುಖ ಅರಳಿತು. ಒಳಗೆ ಕೂಗಿ ಗಂಡನನ್ನು ಕರೆದು, ಚಹಾ ಇಡಲು ಓಡಿದರು. ಚಾಚಾ ಬಂದು ಎದುರಿಗೆ ಕೂತರು. ಒಂದು ತಿಂಗಳಲ್ಲಿ ಅವರು ಸ್ವಲ್ಪ ತೆಳ್ಳಗಾದಂತೆ ಕಂಡಿತು, ಅಥವಾ ಆಫೀಸಿನ ಅಂಗಿ ಇಲ್ಲದೆ ಹಾಗೆ ಕಂಡಿತೋ.

ಆಕೆ ಒಳಗೆ ಚಹಾದ ಹತ್ತಿರ ಇದ್ದಾಗಲೇ ಈ ಮಾತೆಲ್ಲ ಮುಗಿಸಿದೆವು; ನಾನು ಏನನ್ನೂ ಮುಚ್ಚಿಡಲಿಲ್ಲ. ಪತ್ರ ಎಲ್ಲಿಗೆ ಹೋಗಿತ್ತು, ಎಷ್ಟು ದಿನ ಬಿದ್ದಿತ್ತು, ಮಾಲಕರು ಕೇಳಿದಾಗ ನಾನು ಏನು ಹೇಳಿದೆ, ಎಲ್ಲ ಹೇಳಿದೆ. ಅವರು ಕೇಳುತ್ತ ಕೂತರು.

"ಅಂದ್ರ ಯಾರೂ ಓದಿರ್ಲಿಲ್ಲ," ಎಂದರು ಕೊನೆಗೆ.

"ಇಲ್ರಿ."

"ನಾ ನೀವು ಓದೀರಿ ಅಂತ ತಿಳ್ಕೊಂಡಿದ್ದೆ. ಓದಿ ಸುಮ್ನ ಕುಂತೀರಿ ಅಂತ."

"ಒಂದ್ ಫೋನರ ಮಾಡ್ಬೇಕಿತ್ತಲ್ರೀ ಚಾಚಾ."

"ಅರ್ಜಿ ಕೊಟ್ಟ ಮ್ಯಾಲ ಬಾಯಿಲೆ ಕೇಳಬಾರ್ದು ಮೇಡಂ. ಕೇಳಿದ್ರ ಬೇಡಿದಂಗ ಆಗ್ತದ." ಎಂದರು. "ಆದ್ರ ಹನ್ನೆರಡನೇ ದಿನ ತಡೀಲಾರ್ದ ಬಂದಿದ್ದೆ. ಬಸ್ಸಿಳಿದು ಆಫೀಸಿನತನ ಬಂದೆ. ಗಾಜಿನ ಬಾಗಲದಾಗಿಂದ ಒಳಗ ನೋಡ್ದೆ. ನನ್ನ ಟೇಬಲ್ ಮ್ಯಾಲ ಪ್ರಿಂಟರ್ ಇಟ್ಟಿದ್ರಿ. ಇದೇ ಜವಾಬು ಅಂತ ತಿಳ್ಕೊಂಡು ತಿರುಗಿ ಬಸ್ ಹತ್ತಿದೆ."

ಆ ಪ್ರಿಂಟರ್ ಇಟ್ಟವಳು ನಾನು. ಅದು ಮೊದಲು ನೆಲದ ಮೇಲಿತ್ತು, ಪ್ರತಿ ಹಾಳೆಗೂ ಬಗ್ಗಬೇಕಾಗುತ್ತಿತ್ತು. ಎದುರಿಗೆ ಮೇಜು ಖಾಲಿ ಕಂಡಿತು, ಎತ್ತಿ ಇಟ್ಟೆ. ಅದರಲ್ಲಿ ಯಾವ ಉತ್ತರವೂ ಇರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ.

"ನಿಮ್ಮ ಬೆನ್ನ ನೋವು ನನಗ ಗೊತ್ತಿಲ್ಲೇನು," ಎಂದರು. "ಅದು ಅಲ್ಲೇ ಇರ್ಲಿ ಬಿಡ್ರಿ."

ಆಮೇಲೆ ಗೊತ್ತಾಯಿತು. ಆಫೀಸಿನ ಬಾಗಿಲಿಂದ ತಿರುಗಿ ಹೋದ ಮರುದಿನವೇ ಅವರು ಊರಿನ ಬಾಳೆಹಣ್ಣಿನ ಗೋದಾಮಿನವರಿಗೆ ಮಾತು ಕೊಟ್ಟಿದ್ದರು. ಬೆಳಗಿನ ಐದು ಗಂಟೆಗೆ ಹೋಗಿ, ಲಾರಿಗೆ ಏರುವ ಗೊನೆ ಬರೆದುಕೊಳ್ಳುವ ಕೆಲಸ. ನಿಂತುಕೊಂಡೇ ಬರೆಯಬೇಕು. ಕಾಲು ಬಾತುಕೊಳ್ಳುತ್ತವೆ ಎಂದು ಅವರು ಹೇಳಲಿಲ್ಲ, ನಾನು ನೋಡಿದೆ. ಅದನ್ನು ಬಿಟ್ಟು ಬನ್ನಿ ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು. ಚಾಚಾ ತಲೆ ಅಲ್ಲಾಡಿಸಿದರು. "ಒಂದ್ ವರ್ಷ ಅಂತ ಮಾತು ಕೊಟ್ಟೀನಿ. ಬಿಟ್ಟು ಬರೋದು ಆಗಂಗಿಲ್ಲ."

ನನ್ನನ್ನು ಬಸ್ಸಿಗೆ ಬಿಡಲು ಅವರೂ ನಡೆದುಕೊಂಡು ಬಂದರು. ಹೆಂಡತಿಗೆ ಕೇಳಿಸದಷ್ಟು ದೂರ ಬಂದ ಮೇಲೆ ನಿಂತರು.

"ಒಂದ್ ಕೆಲ್ಸ ಮಾಡ್ರಿ ಮೇಡಂ. ಆ ಪತ್ರಕ್ಕ ಜವಾಬು ಕೊಡ್ರಿ. ಕಾಗದದ ಮ್ಯಾಲ, ಸಹಿ ಹಾಕಿ. ಮನ್ಯಾಕಿ ದಿನಾ ಕೇಳ್ತಾಳ, ಇಷ್ಟ್ ವರ್ಷ ದುಡದ್ರಿ, ಒಂದ್ ಜವಾಬೂ ಬರ್ಲಿಲ್ಲೇನು ಅಂತ. ನಾ ಬರ್ತದ ಬರ್ತದ ಅನ್ಕೋತ ಬಂದೀನಿ. ಅವ್ರು ಕರದ್ರು, ನಾನೇ ಬ್ಯಾಡಂದೆ ಅಂತ ಆಗ್ಲಿ."

ಸೋಮವಾರ ಆ ಉತ್ತರ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಪತ್ರ ಬರೆದಿದ್ದೇನೋ ಲೆಕ್ಕವಿಲ್ಲ, ಇದಕ್ಕೆ ಅರ್ಧ ದಿನ ಹಿಡಿಯಿತು. ತಮ್ಮ ಪತ್ರ ತಲುಪಿದೆ, ಅದನ್ನು ತಡವಾಗಿ ನೋಡಿದ್ದು ನಮ್ಮ ತಪ್ಪು, ತಾವು ಮರಳಿ ಕೆಲಸಕ್ಕೆ ಬರಬೇಕೆಂದು ಕೇಳಿಕೊಳ್ಳುತ್ತೇವೆ, ಎಂದು ಬರೆದೆ. ಮಾಲಕರು ಸಹಿ ಹಾಕಿದರು. ಮೇಲ್ ಮಾಡಲಿಲ್ಲ, ಅಂಚೆಗೂ ಹಾಕಲಿಲ್ಲ. ಮುಂದಿನ ಭಾನುವಾರ ನಾನೇ ಒಯ್ದೆ.

ಚಾಚಾ ಲಕೋಟೆ ಒಡೆದು, ಎಂದಿನಂತೆ ಬೆಳಕಿಗೆ ಹಿಡಿದು, ಮೊದಲು ತಾವು ಓದಿಕೊಂಡರು. ಆಮೇಲೆ ಹೆಂಡತಿಯನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಒಂದೊಂದು ಸಾಲನ್ನೂ ದಖ್ಖನಿಯಲ್ಲಿ ಹೇಳಿದರು. ತಪ್ಪು ನಮ್ಮದು ಎಂಬ ಸಾಲನ್ನು ಮಾತ್ರ ಬಿಟ್ಟುಬಿಟ್ಟರು. ನನಗಾಗಿ ಬಿಟ್ಟರು ಎಂದು ಗೊತ್ತಾಯಿತು. ಮರಳಿ ಬನ್ನಿ ಎಂದು ಕರೆದಿದ್ದಾರೆ ಎಂಬಲ್ಲಿಗೆ ಬಂದಾಗ ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

"ತೋ ಕಲ್ ಸೇ ಜಾತೇ ಕ್ಯಾ?" ನಾಳೆಯಿಂದ ಹೋಗುತ್ತೀರಾ ಎಂದು ಕೇಳುತ್ತಿದ್ದರು. ಕೇಳುವಾಗಲೇ ಆಕೆಯ ಕಣ್ಣು ಮೂಲೆಯ ಕಡೆ ಹೋಯಿತು. ಅಲ್ಲಿ ಗೂಟಕ್ಕೆ ಆಫೀಸಿನ ಅಂಗಿ ಇಸ್ತ್ರಿ ಮಾಡಿ ನೇತು ಹಾಕಿತ್ತು.

ಚಾಚಾ ಪತ್ರವನ್ನು ಮಡಚಿದರು. "ನಕ್ಕೋ ಬೋಲ್ಯಾ ಮೈಂ," ಎಂದರು. ಬೇಡ ಎಂದೆ ಎಂದು. ಬಾಳೆಹಣ್ಣಿನ ಗೋದಾಮಿಗೆ ಕೊಟ್ಟ ಮಾತಿನ ವಿಷಯ ನೆನಪಿಸಿದರು.

ಆಕೆ ಗಂಡನ ಬಾತ ಪಾದಗಳನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿ, ನನಗೆ ತಿಳಿಯಲೆಂದು ಕನ್ನಡದಲ್ಲಿ ಕೇಳಿದರು.

"ಇಷ್ಟ್ ದಿನ ಯಾಕ ಕೊಡ್ಲಿಲ್ರಿ ಇದನ್ನ?"

ಚಾಚಾ ಏನೋ ಹೇಳಲು ಬಾಯಿ ತೆರೆದರು. ಅದಕ್ಕೆ ಮೊದಲೇ ನಾನು ಹೇಳಿದೆ.

"ಅವ್ರ ಪತ್ರ ನಾ ನೋಡಿರ್ಲಿಲ್ರಿ," ಎಂದೆ.